ಸೇತುವೆಯ ಮೇಲೆ ಬ್ರೇಕ್ ಒತ್ತಿದ್ದು ಯಾರು

ಕಾರು ಕಲಿಸುವ ಈ ಮನುಷ್ಯನನ್ನು ಜನ ಎದುರಿಗೆ ಕರೆಯುವುದು ಬರೀ ಮೇಷ್ಟ್ರು ಎಂದು, ಬೆನ್ನ ಹಿಂದೆ ಬ್ರೇಕ್ ಮೇಷ್ಟ್ರು ಎಂದು. ಕಲಿಸುವ ಕಾರಿನಲ್ಲಿ ಮೇಷ್ಟ್ರ ಕಾಲ ಬುಡದಲ್ಲೂ ಒಂದು ಬ್ರೇಕ್ ಇರುತ್ತದಲ್ಲ, ಕಲಿಯುವವರು ಎಡವಟ್ಟು ಮಾಡಿದರೆ ಕೆಲಸಕ್ಕೆ ಬರಲಿ ಅಂತ, ಅದರಿಂದ ಬಂದ ಹೆಸರು. ಎಷ್ಟೋ ಜೀವ ಉಳಿಸಿದ ಕಾಲು ತನ್ನದು, ಅದಕ್ಕೇ ಜನ ಪ್ರೀತಿಯಿಂದ ಹಾಗೆ ಕರೆಯುತ್ತಾರೆ ಎಂದು ಅವರು ನಂಬಿದ್ದರು. ಹೆಸರಿಟ್ಟವರನ್ನು ಕೇಳಿದ್ದರೆ ಬೇರೆ ಕಾರಣ ಹೇಳುತ್ತಿದ್ದರೇನೋ. ಹೆಸರಿಟ್ಟವರನ್ನು ಯಾರು ಹೋಗಿ ಕೇಳುತ್ತಾರೆ?

ಕಾರಿನ ಹಿಂದಿನ ಗಾಜಿನ ಮೇಲೆ ‘ತಾಳಿದವನು ಬಾಳಿಯಾನು’ ಎಂದು ಕೆಂಪಕ್ಷರದಲ್ಲಿ ಬರೆಸಿದ್ದರು. ತಾಳ್ಮೆಯ ಮಾತು ಬಂದರೆ ಸಾಕು, ಅವರ ಬಳಿ ಒಂದು ಕಥೆ ಸಿದ್ಧವಿರುತ್ತಿತ್ತು. ಮಗಳಿಗೆ ಆಗಷ್ಟೇ ಹದಿನೆಂಟು ತುಂಬಿತ್ತಂತೆ. ದೊಡ್ಡ ಸೇತುವೆಯ ನಟ್ಟನಡುವೆ, ಹಿಂದೆ ಮುಂದೆ ಬಸ್ಸು ಲಾರಿ ಇರುವಾಗ, ಹುಡುಗಿ ಹೆದರಿ ಗಕ್ಕನೆ ಬ್ರೇಕ್ ಒತ್ತಿಬಿಟ್ಟಳಂತೆ. ಕಾರು ನಿಂತಿತು, ಇಂಜಿನ್ ಸತ್ತಿತು, ಹಿಂದಿನವರು ಹಾರ್ನ್ ಹೊಡೆದು ಹೊಡೆದು ಕಿವಿ ಹರಿದರು. ಬೇರೆ ಅಪ್ಪನಾಗಿದ್ದರೆ ಕಪಾಳಕ್ಕೆ ಬಿಗಿಯುತ್ತಿದ್ದ. ಇವರು ಮಗಳ ತಲೆ ಸವರಿ, ಆಗುತ್ತೆ ಬಿಡು ಮಗಳೇ, ಎಲ್ಲರಿಗೂ ಆಗುತ್ತೆ ಎಂದರಂತೆ. ತಾವೇ ಸೇತುವೆ ದಾಟಿಸಿ, ಆಚೆ ಕಡೆ ಹಣ್ಣಿನ ರಸ ಕುಡಿಸಿದರಂತೆ. ಆದರೇನು, ಎಲ್ಲಾ ವಿದ್ಯೆ ಎಲ್ಲರಿಗೂ ಒಲಿಯುವುದಿಲ್ಲ. ಆವತ್ತಿನಿಂದ ಅವಳು ಸ್ಟೀರಿಂಗ್ ಮುಟ್ಟಲಿಲ್ಲ.

ಮೊದಮೊದಲು ಈ ಕಥೆಯಲ್ಲಿ ಹಣ್ಣಿನ ರಸ ಇರಲಿಲ್ಲ. ಎರಡು ಮೂರು ವರ್ಷ ಕಳೆದ ಮೇಲೆ ಬಂತು. ಆಮೇಲೆ ಅದಕ್ಕೆ ಐಸೂ ಬಿತ್ತು. ಮೇಷ್ಟ್ರು ಸುಳ್ಳು ಹೇಳುತ್ತಿದ್ದರು ಎಂದು ಮಾತ್ರ ಯಾರೂ ತಿಳಿಯಬೇಡಿ. ಸುಳ್ಳು ಹೇಳುವವನಿಗೆ ತಾನು ಹೇಳುತ್ತಿರುವುದು ಸುಳ್ಳು ಎಂದಾದರೂ ಗೊತ್ತಿರುತ್ತದೆ. ಇವರ ಕಣ್ಣಿಗೆ ಆ ಲೋಟ, ಅದರ ಮೇಲಿನ ಹನಿ, ಮಗಳ ತುಟಿಯ ಮೇಲಿನ ನೊರೆ ಎಲ್ಲವೂ ಕಾಣುತ್ತಿದ್ದವು.

ಹೀಗಿರುವಾಗ ಒಂದು ಬೆಳಿಗ್ಗೆ ಕ್ಲಚ್ ಸರಿಮಾಡಿಸಲು ಹೋದಾಗ ಮೆಕ್ಯಾನಿಕ್ ಸುಮ್ಮನಿರಲಾರದೆ ಒಂದು ಮಾತು ಎತ್ತಿದ. ನಿಮ್ಮ ಮಗಳನ್ನು ನೋಡಿದೆ, ಟೀಚರಮ್ಮನ ಕಾರಲ್ಲಿ ಡ್ರೈವಿಂಗ್ ಕಲೀತಿದ್ದಾಳಲ್ಲ, ಚೆನ್ನಾಗೇ ಓಡಿಸ್ತಾಳೆ ಅಂದ. ಸೇತುವೆಯ ಆಚೆ ಕಡೆ ಹೊಸದಾಗಿ ಡ್ರೈವಿಂಗ್ ಶಾಲೆ ತೆರೆದಿದ್ದ ಹೆಂಗಸೇ ಈ ಟೀಚರಮ್ಮ. ಒಂದು ಕಾಲಕ್ಕೆ ಇವರ ಶಿಷ್ಯೆ.

ಮೇಷ್ಟ್ರ ಮುಖಕ್ಕೆ ಹೊಡೆದಂತಾಯಿತು. ಕ್ಲಚ್ಚಿನ ಮಾತು ಅಲ್ಲಿಗೇ ನಿಂತಿತು. ನಾನು ಇಷ್ಟು ತಾಳ್ಮೆಯಿಂದ ಕಲಿಸುವವನು ಮನೆಯಲ್ಲೇ ಇರುವಾಗ ಇವಳು ಅಲ್ಲಿಗೆ ಹೋಗುವುದೇ? ನೀನೇ ಹೇಳಪ್ಪ, ನಾನು ಯಾರಿಗಾದರೂ ಕೂಗಾಡಿದ್ದು ನೋಡಿದ್ದೀಯಾ ಎಂದು ಮೆಕ್ಯಾನಿಕ್‌ನನ್ನೇ ಹಿಡಿದು ಕೇಳಿದರು. ಅವನು ಸ್ಪ್ಯಾನರ್ ಒರೆಸುತ್ತಾ, ನಾನು ನಿಮಗೆ ಎಷ್ಟೋ ಸಲ ಬುದ್ಧಿ ಹೇಳಿದೀನಿ ಮೇಷ್ಟ್ರೇ, ನೀವು ಕೇಳಬೇಕಲ್ಲ ಅಂದ. ಅವನು ಒಂದು ಸಲವೂ ಹೇಳಿರಲಿಲ್ಲ. ಅಷ್ಟು ಮಾತ್ರ ಮೇಷ್ಟ್ರಿಗೆ ಸ್ಪಷ್ಟವಾಗಿ ನೆನಪಿತ್ತು.

ಮನೆಗೆ ಬಂದರೆ ಹೆಂಡತಿಗೆ ವಿಷಯ ಮೊದಲೇ ಗೊತ್ತು. ಮಗಳು ಆಸ್ಪತ್ರೆಯಲ್ಲಿ ಕೈಕಾಲು ಸ್ವಾಧೀನ ತಪ್ಪಿದವರಿಗೆ ವ್ಯಾಯಾಮ ಮಾಡಿಸಿ ಮತ್ತೆ ನಡೆಸುವ ಕೆಲಸದವಳು. ಎದ್ದು ಬರಲಾಗದ ರೋಗಿಗಳ ಮನೆಗೇ ಕಾರಿನಲ್ಲಿ ಹೋಗುವ ಹೊಸ ಹುದ್ದೆಯನ್ನು ಆಸ್ಪತ್ರೆಯವರು ಅವಳಿಗೇ ಕೊಡುವುದೆಂದು ಮಾಡಿದ್ದರು, ಆದರೆ ಲೈಸೆನ್ಸ್ ಬೇಕು. ಸೋಮವಾರ ಪರೀಕ್ಷೆ. ಪರೀಕ್ಷೆಯ ದಾರಿ ಅದೇ ಸೇತುವೆಯ ಮೇಲೆ. ಈ ಸಲ ಆಗದಿದ್ದರೆ ಹುದ್ದೆ ಇನ್ನೊಬ್ಬರಿಗೆ. ಇಷ್ಟೆಲ್ಲ ಹೆಂಡತಿಯ ಬಾಯಿಂದ ಒಂದೊಂದಾಗಿ ಹೊರಬಿತ್ತು.

“ನಂಗ್ಯಾಕೆ ಹೇಳ್ಲಿಲ್ಲ?” ಎಂದರು ಮೇಷ್ಟ್ರು.

“ಹೇಳಿದ್ರೆ ನೀವು ಕಲಿಸ್ತೀನಿ ಅಂತೀರಲ್ಲ, ಅದಕ್ಕೆ.”

ನಾನು ಅವಳಿಗೆ ಏನು ಮಾಡಿದ್ದೇನೆ, ಅವತ್ತು ಒಂದು ಮಾತು ಗಟ್ಟಿಯಾಗಿ ಆಡಿದ್ದೇನಾ, ನೀನೂ ಹಿಂದಿನ ಸೀಟಿನಲ್ಲಿ ಇದ್ದೆಯಲ್ಲ ಎಂದು ಕೇಳಿದರು. ಹೆಂಡತಿ ಬಟ್ಟೆ ಮಡಚುವುದನ್ನು ನಿಲ್ಲಿಸದೆ, ಕೂಗಿದ್ದು ಅಂತಲ್ಲ, ನಿಮ್ಮ ಗಂಟಲೇ ಹಾಗೆ ಎಂದಳು. ಆಮೇಲೆ, ನಾನು ಅವತ್ತೇ ಅವಳ ಪರವಾಗಿ ಮಾತಾಡಿದ್ದೆ, ಅಷ್ಟಾದರೂ ಒಬ್ಬಳು ಇದ್ದೆನಲ್ಲ ಎಂದು ಸೇರಿಸಿದಳು. ಹೆಂಡತಿ ಅವತ್ತು ಯಾರ ಪರವಾಗಿ ಮಾತಾಡಿದ್ದಳು ಎಂದು ಮೇಷ್ಟ್ರು ನೆನಪು ಮಾಡಿಕೊಳ್ಳಲು ನೋಡಿದರು. ಹಿಂದಿನ ಸೀಟಿನಿಂದ ಯಾವ ದನಿಯೂ ಕೇಳಿಸಲಿಲ್ಲ. ಅಲ್ಲಿ ಕೇಳಿಸಿದ್ದು ಅವರದೇ ದನಿ, ತಲೆ ಸವರುವ ಮೆತ್ತನೆಯ ದನಿ.

ಆ ದಿನವೆಲ್ಲ ಕಾಲು ಸುಟ್ಟ ಬೆಕ್ಕಿನ ಹಾಗೆ ಓಡಾಡಿದರು. ಕೂತರೆ ಏಳಬೇಕು, ಎದ್ದರೆ ಎಲ್ಲಿಗೋ ಹೋಗಬೇಕು. ಮಧ್ಯಾಹ್ನ ಕಲಿಯಲು ಬಂದ ಬ್ಯಾಂಕಿನ ಗುಮಾಸ್ತನನ್ನು ಒಂದೇ ಬೀದಿಯಲ್ಲಿ ಸುತ್ತಿಸಿ, ನಿನಗೆ ನನ್ನ ಮೇಲೆ ಭಯ ಇದೆಯೇನಪ್ಪ ಎಂದು ಕೇಳಿದರು. ಆ ಪಾಪದವನು, ಛೇ ಛೇ ಇಲ್ಲ ಸರ್ ಎಂದು ಗೇರು ಬದಲಿಸುವ ಬದಲು ವೈಪರ್ ಹಾಕಿದ. ಮೇಷ್ಟ್ರಿಗೆ ಅಷ್ಟು ಸಾಕ್ಷಿ ಸಾಲಲಿಲ್ಲ. ಸಂಜೆ ಕಾರು ಬಿಟ್ಟು ನಡೆದೇ ಸೇತುವೆ ದಾಟಿ ಟೀಚರಮ್ಮನ ಶಾಲೆಗೇ ಹೋದರು.

ಶಾಲೆ ಎಂದರೆ ಒಂದು ಕೋಣೆ, ಗೋಡೆಗೆ ರಸ್ತೆ ಚಿಹ್ನೆಗಳ ಚಿತ್ರ, ಹೊರಗೆ ಕಾರು ತಿರುಗಿಸುವಷ್ಟು ಜಾಗ. ಟೀಚರಮ್ಮ ಕುರ್ಚಿ ಎಳೆದು ಕೂರಿಸಿದಳು. ಮೇಷ್ಟ್ರು ಕುರ್ಚಿಯ ತುದಿಯಲ್ಲಿ ಕೂತು ನೇರವಾಗಿ ವಿಷಯಕ್ಕೆ ಬಂದರು. ನೀನು ಕಲಿಯುವಾಗ ನಿನ್ನನ್ನು ಎಷ್ಟು ಹುರಿದುಂಬಿಸುತ್ತಿದ್ದೆ, ಒಂದು ದಿನ ನೀನೇ ನಾಲ್ಕು ಜನಕ್ಕೆ ಕಲಿಸುತ್ತೀಯ ಅಂದಿದ್ದೆ, ನೆನಪಿದೆಯಾ ಎಂದರು.

ಟೀಚರಮ್ಮ ನಕ್ಕುಬಿಟ್ಟಳು. “ನೀವು ಅಂದಿದ್ದು, ನಿನ್ನ ಕೈಗೆ ಕಾರು ಕೊಡೋದಕ್ಕಿಂತ ಕೋತಿ ಕೈಗೆ ಕೊಡೋದು ವಾಸಿ ಅಂತ ಮೇಷ್ಟ್ರೇ.”

ಅವಳಿಗೇನೂ ಸಿಟ್ಟಿರಲಿಲ್ಲ. ಅವಳೇ ಮುಂದುವರಿಸಿ, ನಾನೇನು ಬಿಟ್ಟೆನಾ, ಹಾಗಾದ್ರೆ ಇಷ್ಟು ದಿನ ಕೋತಿಗೆ ಯಾಕೆ ಕಲಿಸಿದ್ರಿ ಅಂತ ಮುಖಕ್ಕೆ ಹೇಳಿ ಇಳಿದು ಹೋಗಿದ್ದೆ ಎಂದಳು. ಆಮೇಲೆ, ಹಾಗಂತ ನಾನು ಹೇಳೋದು, ನಮ್ಮ ಯಜಮಾನರನ್ನ ಕೇಳಿದ್ರೆ ನಾನು ಅವತ್ತು ಮನೆಗೆ ಬಂದು ಅಡುಗೆಮನೇಲಿ ಕೂತು ಅತ್ತೆನಂತೆ, ಅವರು ಹೇಳ್ತಾರೆ ಎಂದು ಇನ್ನೊಮ್ಮೆ ನಕ್ಕಳು. ಎರಡರಲ್ಲಿ ಯಾವುದು ನಿಜವೋ ಅವಳಿಗೂ ಗೊತ್ತಿದ್ದಂತೆ ಕಾಣಲಿಲ್ಲ.

ಮೇಷ್ಟ್ರು ಎದ್ದು ನಿಂತಾಗ ಅವಳ ನಗು ನಿಂತಿತು. ಮಗಳ ಓಟ ಚೆನ್ನಾಗಿದೆ, ಕೈ ಹಗುರ, ಕನ್ನಡಿ ನೋಡುತ್ತಾಳೆ, ಆದರೆ ಸೇತುವೆ ಹತ್ತಿರ ಬಂದರೆ ಬದಿಗೆ ನಿಲ್ಲಿಸಿ ಇಳಿದುಬಿಡುತ್ತಾಳೆ ಎಂದಳು. ಬೇರೆಯವರ ಬಿದ್ದುಹೋದ ಕಾಲಿಗೆ ಧೈರ್ಯ ಹೇಳುವವಳು ತನ್ನ ಕಾಲನ್ನು ಮಾತ್ರ ನಂಬುವುದಿಲ್ಲ.

“ಒಂದೇ ಪ್ರಶ್ನೆ ಕೇಳ್ತಾಳೆ ಮೇಷ್ಟ್ರೇ. ತನಗೇ ಗೊತ್ತಿಲ್ದೆ ತನ್ನ ಕಾಲು ಬ್ರೇಕ್ ಒತ್ತುತ್ತಾ ಅಂತ. ಅವತ್ತು ತಾನು ಒತ್ತಿದ ನೆನಪೇ ಇಲ್ವಂತೆ ಅವಳಿಗೆ. ನಾನು ಆ ಕಾರಲ್ಲಿ ಇರ್ಲಿಲ್ಲ. ಉತ್ತರ ನೀವು ಹೇಳ್ಬೇಕು.”

ಅವಳೇ ಒತ್ತಿದ್ದು, ಇನ್ಯಾರು ಒತ್ತುತ್ತಾರೆ ಎಂದು ಮೇಷ್ಟ್ರು ತಟ್ಟನೆ ಹೇಳಿದರು. ಹೇಳಿ ಸೇತುವೆಯ ಮೇಲೆ ನಡೆದೇ ಮನೆಗೆ ಹೊರಟರು. ಅರ್ಧ ದಾರಿಗೆ ಬರುವ ಹೊತ್ತಿಗೆ ಟೀಚರಮ್ಮನ ಕೋತಿಯ ಮಾತು ಕಿವಿಯಲ್ಲಿ ಕುಣಿಯತೊಡಗಿತು. ಅದು ತಮ್ಮದೇ ಮಾತಿನ ಹಾಗಿತ್ತು. ತಾವು ಹೇಳಿಲ್ಲ ಎಂದುಕೊಂಡಷ್ಟೂ ತಮ್ಮ ಬಾಯಿಗೆ ಚೆನ್ನಾಗಿ ಹೊಂದುತ್ತಿತ್ತು. ಮಗಳು ತಮ್ಮ ಬಗ್ಗೆ ಏನು ನೆನಪಿಟ್ಟುಕೊಂಡಿದ್ದಾಳೋ ಅದನ್ನು ಹೇಗಾದರೂ ಬದಲಾಯಿಸಬೇಕು, ಸೋಮವಾರಕ್ಕೆ ಮುಂಚೆ ಬದಲಾಯಿಸಬೇಕು ಎಂಬುದೊಂದೇ ಅವರಿಗೆ ತೋಚಿತು.

ಭಾನುವಾರ, ಆಸ್ಪತ್ರೆಯ ಹತ್ತಿರ ಬೇರೆ ಮನೆ ಮಾಡಿಕೊಂಡಿದ್ದ ಮಗಳು ಅಮ್ಮನನ್ನು ನೋಡಲು ಬಂದಳು. ಮೇಷ್ಟ್ರು ಬಾಗಿಲಲ್ಲೇ ನಿಂತು, ನಾನು ನಿನ್ನನ್ನು ಒಂದು ಸಲ ಸೇತುವೆ ದಾಟಿಸುತ್ತೇನೆ, ಒಂದೇ ಸಲ, ಆಮೇಲೆ ನಿನ್ನಿಷ್ಟ ಎಂದರು. ಬೇಡಿಕೊಂಡರು ಎಂದೇ ಹೇಳಬೇಕು. ಮಗಳು ಬಹಳ ಹೊತ್ತು ಚಪ್ಪಲಿ ಬಿಡದೆ ನಿಂತಿದ್ದಳು. ಅವಳಿಗೂ ಸೇತುವೆ ದಾಟಲೇಬೇಕಿತ್ತು, ಟೀಚರಮ್ಮನೊಂದಿಗೆ ಆಗಿರಲಿಲ್ಲ. ಕೊನೆಗೆ, ಅಮ್ಮ ಹಿಂದೆ ಕೂರಬೇಕು, ನೀವು ಒಂದು ಮಾತೂ ಆಡಬಾರದು ಎಂದಳು. ಬಾಯಿಗೆ ಬೀಗ ಹಾಕಿಕೊಳ್ಳುತ್ತೇನೆ ಎಂದು ಮೇಷ್ಟ್ರು ಒಪ್ಪಿದರು. ಸೇತುವೆ ದಾಟಿದರೆ ಆಚೆ ಟೀಚರಮ್ಮನ ಅಂಗಳದಲ್ಲಿ ಕಾರು ತಿರುಗಿಸಿಕೊಂಡು ಬರುವುದು ಎಂದಾಯಿತು.

ಮಗಳು ಚೆನ್ನಾಗಿಯೇ ಓಡಿಸಿದಳು. ಮೊದಲ ತಿರುವಿನಲ್ಲಿ ಮೇಷ್ಟ್ರ ಬಾಯಿಂದ ಇಂಡಿಕೇಟರ್ ಎಂದು ಬಂತು. ಅದು ಮಾತಲ್ಲ, ನೆನಪು ಮಾಡಿದ್ದು. ಶಾಲೆಯ ಮುಂದೆ ನಿಧಾನ ಎಂದರು. ಅದೂ ಮಾತಲ್ಲ, ಎಚ್ಚರಿಕೆ. ಬಸ್ಸಿಗೆ ಮೊದಲು ಬಿಡು ಎಂದಿದ್ದು ರಸ್ತೆಯ ಮರ್ಯಾದೆ, ಎರಡನೇ ಗೇರು ಸಾಕು ಎಂದಿದ್ದು ಇಂಜಿನ್ನಿನ ಮೇಲಿನ ಕರುಣೆ. ಸೇತುವೆಯ ಬುಡಕ್ಕೆ ಬರುವಾಗ ಮಗಳು, ಅಪ್ಪ ಮಾತಾಡಬೇಡಿ ಎಂದಳು. ಮೇಷ್ಟ್ರಿಗೆ ನಿಜವಾಗಿಯೂ ಆಶ್ಚರ್ಯವಾಯಿತು. ಇಷ್ಟು ದೂರ ತುಟಿ ಹೊಲಿದುಕೊಂಡು ಕೂತವನಿಗೆ ಈ ಮಾತೇ? ಅವರ ಲೆಕ್ಕದಲ್ಲಿ ಮನೆಯಿಂದ ಇಲ್ಲಿಯವರೆಗೆ ಅವರು ಒಂದಕ್ಷರ ಆಡಿರಲಿಲ್ಲ.

ಮಗಳು ಈ ಸಲ ಬದಿಗೆ ನಿಲ್ಲಿಸಲಿಲ್ಲ. ಉಸಿರು ಬಿಗಿಹಿಡಿದು ಸೇತುವೆ ಹತ್ತಿದಳು. ಕೆಳಗೆ ನದಿ ಕಂದು ಬಣ್ಣಕ್ಕೆ ತಿರುಗಿ ಹರಿಯುತ್ತಿತ್ತು. ಮುಂದೆ ಒಂದು ಬಸ್ಸು, ಹಿಂದೆ ಸಾಲು. ನಡುಭಾಗಕ್ಕೆ ಬಂದಾಗ ಬಸ್ಸಿನ ಹಿಂದಿನ ಕೆಂಪು ದೀಪ ಒಂದು ಸಲ ಮಿನುಗಿ ಆರಿತು, ಅಷ್ಟೆ. ಕಾರು ಮುಗ್ಗರಿಸಿ ನಿಂತಿತು. ಇಂಜಿನ್ ಕೆಮ್ಮಿ ಸುಮ್ಮನಾಯಿತು. ಹಿಂದಿನಿಂದ ಹಾರ್ನ್ ಶುರುವಾಯಿತು.

“ಬ್ರೇಕ್ ಒತ್ತು ಅಂತ ಯಾರು ಹೇಳಿದ್ರು ನಿಂಗೆ? ತಲೇಲಿ ಏನಿದೆ?” ಮೇಷ್ಟ್ರ ದನಿ ಕಾರಿನ ಗಾಜಿಗೆ ಬಡಿದು ಅವರ ಕಿವಿಗೇ ವಾಪಸು ಬಂತು.

ಮಗಳು ಕಣ್ಣು ಮುಚ್ಚಿಕೊಂಡಳು. “ಇದೇ ಮಾತು ಅಪ್ಪ. ಅವತ್ತೂ ಇದೇ ಅಂದಿದ್ದು.”

ಹಾಗೆ ಅಂದಿರಲು ಸಾಧ್ಯವೇ ಇಲ್ಲ ಎಂದು ಮೇಷ್ಟ್ರು ಬಾಯಿ ತೆರೆಯುವಷ್ಟರಲ್ಲಿ ಅವಳು ಕಣ್ಣು ಬಿಟ್ಟು, ಅಪ್ಪ ಕೆಳಗೆ ನೋಡಿ ಎಂದಳು. ಮೇಷ್ಟ್ರು ನೋಡಿದರು. ಮಗಳ ಬಲಗಾಲು ಆಕ್ಸಿಲರೇಟರ್ ಮೇಲಿತ್ತು, ಎಡಗಾಲು ಕ್ಲಚ್ಚಿನ ಪಕ್ಕ ನೆಲದ ಮೇಲಿತ್ತು. ನಡುವಿನ ಬ್ರೇಕ್ ಮಾತ್ರ ಯಾರ ಕಾಲೂ ಇಲ್ಲದೆ ತಾನಾಗಿ ಒಳಕ್ಕೆ ತಗ್ಗಿಕೊಂಡಿತ್ತು. ಕಲಿಸುವ ಕಾರಿನಲ್ಲಿ ಎರಡು ಬ್ರೇಕಿಗೂ ಒಂದೇ ತಂತಿ, ಇಲ್ಲಿ ಒತ್ತಿದರೆ ಅಲ್ಲಿಯದೂ ಇಳಿಯುತ್ತದೆ. ಇದನ್ನು ಪ್ರತಿ ಹೊಸ ಶಿಷ್ಯನಿಗೂ ಮೊದಲ ದಿನವೇ ತೋರಿಸುವವರು ಈ ಮೇಷ್ಟ್ರೇ. ಅವರು ತಮ್ಮ ಕಡೆ ನೋಡಿಕೊಂಡರು. ಹೊಳಪು ಹಾಕಿದ ತಮ್ಮ ಶೂ ಬ್ರೇಕನ್ನು ಬುಡದವರೆಗೆ ಒತ್ತಿಹಿಡಿದಿತ್ತು. ಒತ್ತಿದ್ದು ಗೊತ್ತೇ ಆಗಿರಲಿಲ್ಲ.

“ಸೈಕಲ್ಲವನು ಅಡ್ಡ ಬಂದ,” ಎಂದರು ಮೇಷ್ಟ್ರು.

ಹೇಳುತ್ತಾ ಹೇಳುತ್ತಾ ಅವರಿಗೆ ಸೈಕಲ್ಲು ಕಂಡಿತು. ನೀಲಿ ಅಂಗಿ, ಹಿಂದೆ ಕಟ್ಟಿದ ಚೀಲ. ಬಸ್ಸಿಗೂ ಕಾರಿಗೂ ನಡುವೆ ನುಗ್ಗಿ ಹೋದ ಪೋಕರಿ. ನಾನಿಲ್ಲದಿದ್ದರೆ ಇವತ್ತು ಒಂದು ಜೀವ ಹೋಗುತ್ತಿತ್ತು ಎಂಬ ಮಾತು ನಾಲಿಗೆಯ ತುದಿಗೆ ಬಂದು ನಿಂತಿತ್ತು.

“ಹೌದು ಕಣೇ, ನಾನೂ ನೋಡ್ದೆ,” ಎಂದಳು ಹಿಂದಿನಿಂದ ಹೆಂಡತಿ. “ಹಾಗೇ ನುಗ್ಗಿಬಿಟ್ಟ.”

ಮೇಷ್ಟ್ರು ಹಿಂದೆ ತಿರುಗಿ ಹೆಂಡತಿಯ ಮುಖ ನೋಡಿದರು. ಅವಳು ಹುಡುಗಾಟಕ್ಕೆ ಹೇಳಿರಲಿಲ್ಲ. ಅವಳ ಕಣ್ಣಲ್ಲಿ ಸೈಕಲ್ಲು ಆಗಲೇ ಓಡುತ್ತಿತ್ತು. ಇನ್ನೆರಡು ದಿನ ಕಳೆದರೆ ಅದರ ಗಂಟೆಯ ಸದ್ದೂ ಕೇಳಿಸಿತು ಎನ್ನುತ್ತಾಳೆ. ಮೇಷ್ಟ್ರು ಗಾಜಿನಾಚೆ ಇನ್ನೊಮ್ಮೆ ನೋಡಿದರು. ಮುಂದೆ ಬಸ್ಸಿನವರೆಗೂ ಬರೀ ರಸ್ತೆ ಇತ್ತು. ಒಂದು ಉಸಿರಿನಲ್ಲಿ ಸೈಕಲ್ಲೇ ಹುಟ್ಟಿ, ಅದಕ್ಕೆ ಸಾಕ್ಷಿಯೂ ಸಿಗುವುದಾದರೆ, ಇಷ್ಟು ವರ್ಷಗಳಲ್ಲಿ ಏನೇನು ಹುಟ್ಟಿರಬಹುದು? ತಲೆ ಸವರಿದ ಕೈ ಯಾರದು? ಆ ಹಣ್ಣಿನ ರಸದ ಅಂಗಡಿ ಸೇತುವೆಯ ಆಚೆ ಎಲ್ಲಿದೆ? ದಿನಾ ಓಡಾಡುವ ದಾರಿ. ಅಲ್ಲಿ ಟೈರ್ ಅಂಗಡಿ ಇದೆ, ಬೀಗದ ಅಂಗಡಿ ಇದೆ. ಹಣ್ಣಿನ ರಸದ್ದು ಒಂದೂ ಇಲ್ಲ.

ಹಿಂದಿನ ಲಾರಿಯವನು ತಲೆ ಹೊರಗೆ ಹಾಕಿ ಏನೋ ಬೈಯುತ್ತಿದ್ದ. ಮಗಳು ಅಲುಗಲಿಲ್ಲ. ಅವಳು ಅಪ್ಪನನ್ನೇ ನೋಡುತ್ತಿದ್ದಳು.

“ಸೈಕಲ್ ಇರ್ಲಿಲ್ಲ,” ಎಂದರು ಮೇಷ್ಟ್ರು.

“ಅವತ್ತು?”

“ಅವತ್ತಿಂದು ನಂಗೆ ನೆನಪೇ ಇಲ್ಲ ಮಗಳೇ. ನೆನಪಿರೋದೆಲ್ಲ ನಾನೇ ಹೇಳ್ಕೊಂಡು ಬಂದಿದ್ದು.” ತಮ್ಮ ಶೂ ಕಡೆ ಬೆರಳು ತೋರಿಸಿದರು. “ನನ್ನ ಕಾಲೇ ಇರ್ಬೇಕು.”

“ಇರ್ಬೇಕು ಅಂದ್ರೆ ಸಾಲಲ್ಲ ಅಪ್ಪ. ನಾಳೆ ನಾನು ಈ ಸೇತುವೆ ದಾಟ್ಬೇಕು.”

“ನನ್ನ ಕಾಲೇ.”

ಅವರು ಅಂದುಕೊಂಡಂತೆ ಮಗಳು ಅಳಲೂ ಇಲ್ಲ, ಅಪ್ಪನ ಕೈ ಹಿಡಿಯಲೂ ಇಲ್ಲ. ಸ್ಟೀರಿಂಗಿನ ಮೇಲೆ ಎರಡೂ ಕೈ ಇಟ್ಟುಕೊಂಡೇ ಇದ್ದಳು. “ಇಷ್ಟು ವರ್ಷ ನನ್ನ ಕಾಲನ್ನ ನಾನು ನಂಬ್ಲಿಲ್ಲ,” ಎಂದಳು. “ಮೆಟ್ಟಿಲು ಇಳಿಯೋವಾಗ್ಲೂ ಒಂದ್ಸಲ ನೋಡ್ಕೊಂಡೇ ಇಳೀತಿದ್ದೆ. ರೋಗಿಗಳಿಗೆ ಭಯ ಬೀಳ್ಬೇಡಿ ಅಂತ ಹೇಳ್ತಾ ಹೇಳ್ತಾ.” ಆಮೇಲೆ ಸಣ್ಣ ದನಿಯಲ್ಲಿ, ಈಗ ಕಾಲು ತೆಗೀರಿ, ಹೊರಡಬೇಕು ಎಂದಳು.

ಕಾಲು ಇನ್ನೂ ಅಲ್ಲೇ ಇತ್ತು. ಮೇಷ್ಟ್ರು ಅದನ್ನು ಎತ್ತಿ, ಎರಡೂ ಕಾಲನ್ನು ಸೀಟಿನ ಕೆಳಗೆ ಮಡಚಿಕೊಂಡರು. ಮಗಳು ಕಾರು ಶುರುಮಾಡಿ, ಕನ್ನಡಿ ನೋಡಿ, ಹಿಂದಿನ ಲಾರಿಯವನಿಗೆ ಕೈ ತೋರಿಸಿ ಮುಂದೆ ಹೊರಟಳು. ಹೆಂಡತಿ ಕಿಟಕಿಯ ಕಡೆ ಮುಖ ಮಾಡಿಕೊಂಡಿದ್ದಳು. ಅವಳ ಮನಸ್ಸಿನಲ್ಲಿ ಸೈಕಲ್ಲು ಎತ್ತ ಹೋಯಿತೋ ಹೇಳಲು ಬಾರದು.

ಮೇಷ್ಟ್ರ ಬಾಯಿ ಸುಮ್ಮನಿದ್ದರೂ ತಲೆ ಸುಮ್ಮನಿರಲಿಲ್ಲ. ಟೈರ್ ಅಂಗಡಿ ದಾಟುವ ಹೊತ್ತಿಗೇ ತಲೆಯೊಳಗೆ ಇನ್ನೊಂದು ಕಥೆ ಅರ್ಧ ಕಟ್ಟಿ ಮುಗಿದಿತ್ತು. ಸೇತುವೆಯ ಮಧ್ಯ ಕಾರು ನಿಂತಿತು, ಮಗಳು ಏನೂ ಕೇಳಿರಲಿಲ್ಲ, ನಾನೇ ಅವಳ ಕಡೆ ತಿರುಗಿ, ತಪ್ಪು ನಂದು ಮಗಳೇ ಅಂದೆ. ಎಷ್ಟು ಅಪ್ಪಂದಿರು ಹಾಗೆ ಒಪ್ಪಿಕೊಳ್ಳುತ್ತಾರೆ? ಕಥೆಯಲ್ಲಿ ಬೈಗುಳ ಇರಲಿಲ್ಲ. ಸೈಕಲ್ಲೂ ಇರಲಿಲ್ಲ. ಮಗಳ ಕಣ್ಣಲ್ಲಿ ಮಾತ್ರ ನೀರು ಬಂದಿತ್ತು. ಚೆನ್ನಾಗಿಯೇ ಇತ್ತು ಕಥೆ, ಕೇಳಿದವರು ತಲೆದೂಗುವಂತೆ ಇತ್ತು. ಮೇಷ್ಟ್ರಿಗೆ ಅದು ಬಹಳ ಹಿಡಿಸಿತು.

ಟೀಚರಮ್ಮ ಅಂಗಳದಲ್ಲೇ ನಿಂತಿದ್ದಳು. ಕಾರು ಸೇತುವೆಯ ಕಡೆಯಿಂದ ಬಂದಿದ್ದನ್ನೂ, ಓಡಿಸುತ್ತಿದ್ದವಳು ಯಾರೆಂಬುದನ್ನೂ ನೋಡಿ ಅವಳ ಮುಖ ಅರಳಿತು. ಮೇಷ್ಟ್ರ ಕಡೆಯ ಬಾಗಿಲ ಹತ್ತಿರವೇ ಬಂದು, ದಾಟಿಬಿಟ್ಟಳಲ್ಲ, ಏನಾಯ್ತು ಹೇಳಿ ಮೇಷ್ಟ್ರೇ ಎಂದಳು.

“ಏನಿಲ್ಲಮ್ಮ, ಸೇತುವೆ ಮಧ್ಯ ಕಾರು ನಿಂತ್ಕೊಳ್ತು. ಇವಳು ಏನೂ ಕೇಳೇ ಇರ್ಲಿಲ್ಲ, ನಾನೇ…”

ಮಗಳು ಕೀಲಿ ತಿರುಗಿಸಿ ಇಂಜಿನ್ ನಿಲ್ಲಿಸಿದಳು. ಅಪ್ಪನ ಕಡೆ ತಿರುಗಿಯೂ ನೋಡಲಿಲ್ಲ. ತನಗೆ ಇದೆಲ್ಲ ಹೊಸದಲ್ಲ, ಹೀಗೇ ಆಗುತ್ತದೆ ಎಂದು ಗೊತ್ತಿದ್ದವಳ ಹಾಗೆ ಸೀಟ್ ಬೆಲ್ಟ್ ಬಿಚ್ಚತೊಡಗಿದಳು.

ಮೇಷ್ಟ್ರು ಬಾಯಿ ತೆರೆದವರು ಹಾಗೇ ಕೂತರು. ಕಥೆಯ ಉಳಿದ ಭಾಗ ನಾಲಿಗೆಯ ಮೇಲೆ ಸಿದ್ಧವಾಗಿತ್ತು, ನುಂಗಲು ಕಷ್ಟವಾಯಿತು. ಬೇಜಾರಾಯಿತು, ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ತಮ್ಮ ತಲೆಯ ಬಗ್ಗೆಯೇ ಭಯವಾಯಿತು.

“ಮಗಳೇ, ನೀನೇ ಹೇಳು,” ಎಂದರು. “ನಾನು ಹೇಳಿದ್ರೆ ಬೇರೆ ಆಗುತ್ತೆ.”

ಮಗಳ ಕೈ ಬೆಲ್ಟಿನ ಮೇಲೆ ನಿಂತಿತು. ಸೇತುವೆ ದಾಟಿದ ಮೇಲೆ ಮೊದಲ ಸಲ ಅಪ್ಪನ ಮುಖ ನೋಡಿದಳು. ಹೇಳಲಾ ಎಂದು ಕೇಳಿದಳು. ಮೇಷ್ಟ್ರು ತಲೆಯಾಡಿಸಿದರು, ಎರಡೂ ಕೈಯಿಂದ ಮೊಣಕಾಲು ಹಿಡಿದುಕೊಂಡರು.

ಅವಳು ಹದಿನೆಂಟು ತುಂಬಿದ ಆ ವರ್ಷದಿಂದ ಶುರುಮಾಡಿದಳು.